ಹಳೆಯ ಜೀಪಿನ ನೋಂದಣಿ ನವೀಕರಣ: ದುರಸ್ತಿ ಮಾಡಿಸುವುದೇ, ಬದಲಾಯಿಸುವುದೇ?

(15 ವರ್ಷ ಪೂರೈಸಿದ ಸಾರಿಗೇತರ ನಾಲ್ಕು ಚಕ್ರ ಚಾಲಿತ ವಾಹನಗಳ ಮಾಲೀಕರ ಮಾಹಿತಿಗಾಗಿ)

ಪೀಠಿಕೆ

ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಹಾಗೂ ಹಾಸನ ಜಿಲ್ಲೆಯ ಸಕಲೇಶಪುರ ಭಾಗದಲ್ಲಿ ಜೀಪು ಬಹುಕಾಲದಿಂದ ಕೃಷಿಕರ ನಿತ್ಯೋಪಯೋಗಿ ವಾಹನವಾಗಿದೆ. ಡಾಂಬರು ರಸ್ತೆ ಮುಗಿದ ನಂತರವೂ ಎರಡು ಮೂರು ಕಿಲೋಮೀಟರು ದೂರದಲ್ಲಿರುವ ಮನೆಗೆ ಗೊಬ್ಬರ, ಪಡಿತರ, ಕಾಫಿ ಮೂಟೆಗಳನ್ನು ತಲುಪಿಸುವುದಕ್ಕೂ, ಮಳೆಗಾಲದ ರಾತ್ರಿ ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದಕ್ಕೂ ಇದೇ ವಾಹನ ಒದಗಿಬರುತ್ತದೆ. ಮಹೀಂದ್ರ ಸಂಸ್ಥೆಯು 1940ರ ದಶಕದ ಕೊನೆಯಲ್ಲಿ ವಿಲ್ಲೀಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸಲು ಆರಂಭಿಸಿದ ತರುವಾಯ ಬಂದ ಹಲವು ಮಾದರಿಗಳು, 1985ರಲ್ಲಿ ಬಿಡುಗಡೆಯಾದ ಮಾರುತಿ ಜಿಪ್ಸಿ, 2010ರಲ್ಲಿ ಬಂದ ಮೊದಲ ಥಾರ್ ಮುಂತಾದವು ಇಂದಿಗೂ ಮಲೆನಾಡಿನ ರಸ್ತೆಗಳಲ್ಲಿ ಸಂಚರಿಸುತ್ತಿವೆ. ಇವುಗಳಲ್ಲಿ ಬಹುತೇಕ ವಾಹನಗಳು ಈಗಾಗಲೇ 15 ವರ್ಷಗಳನ್ನು ಪೂರೈಸಿವೆ ಅಥವಾ ಪೂರೈಸುವ ಹಂತದಲ್ಲಿವೆ.

ನೋಂದಣಿಯ ಅವಧಿ ಮುಗಿಯುವ ಸಮಯದಲ್ಲಿ ಮಾಲೀಕರ ಮುಂದೆ ಎರಡು ಮಾರ್ಗಗಳಿರುತ್ತವೆ. ವಾಹನವನ್ನು ದುರಸ್ತಿಪಡಿಸಿ ನೋಂದಣಿಯನ್ನು ನವೀಕರಿಸುವುದು ಮೊದಲನೆಯದು. ಅದನ್ನು ಕೈಬಿಟ್ಟು ಬೇರೆ ವಾಹನವನ್ನು ಹೊಂದುವುದು ಎರಡನೆಯದು. ಎಂಜಿನ್, ಬಣ್ಣ, ಟೈರು, ಹೊದಿಕೆಗಳಿಗೆ ಹಣ ವ್ಯಯಿಸಿದ ನಂತರ ಚಾಸಿಸ್ ತುಕ್ಕು ಹಿಡಿದಿರುವುದು ಅಥವಾ ದಾಖಲೆಗಳು ವಾಹನಕ್ಕೆ ಹೊಂದಿಕೆಯಾಗದಿರುವುದು ತಪಾಸಣೆಯ ದಿನ ತಿಳಿದುಬಂದಲ್ಲಿ ಆ ಹಣವು ವ್ಯರ್ಥವಾಗುತ್ತದೆ. ಆದುದರಿಂದ ಮೊದಲು ದಾಖಲೆ, ಎರಡನೆಯದಾಗಿ ಚಾಸಿಸ್, ಮೂರನೆಯದಾಗಿ ಕಾನೂನಿನ ಮಿತಿ, ಕೊನೆಯಲ್ಲಿ ಖರ್ಚು, ಈ ಕ್ರಮದಲ್ಲಿಯೇ ವಿಷಯವನ್ನು ಪರಿಶೀಲಿಸುವುದು ಸೂಕ್ತ.

1. ನೋಂದಣಿಯ ಅವಧಿ ಮತ್ತು ನವೀಕರಣ

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 41ರ ಅನ್ವಯ ಸಾರಿಗೇತರ ವಾಹನದ ನೋಂದಣಿ ಪ್ರಮಾಣಪತ್ರವು 15 ವರ್ಷಗಳವರೆಗೆ ಊರ್ಜಿತವಾಗಿರುತ್ತದೆ. ಆ ಬಳಿಕ ಪ್ರತಿ ಬಾರಿ 5 ವರ್ಷಗಳ ಅವಧಿಗೆ ನವೀಕರಿಸಲು ಅವಕಾಶವಿರುತ್ತದೆ. ದೆಹಲಿ ರಾಷ್ಟ್ರ ರಾಜಧಾನಿ ಪ್ರದೇಶದಲ್ಲಿ 10 ವರ್ಷ ಮೀರಿದ ಡೀಸೆಲ್ ಹಾಗೂ 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಬಗ್ಗೆ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ನೀಡಿದ ಆದೇಶವು ಆ ಪ್ರದೇಶಕ್ಕೆ ಸಂಬಂಧಿಸಿದ್ದಾಗಿರುತ್ತದೆ. ಅದೇ ಕಾರಣದಿಂದ ಕರ್ನಾಟಕದ ಖಾಸಗಿ ವಾಹನವನ್ನು ಗುಜರಿಗೆ ಹಾಕಲೇಬೇಕೆಂದು ಭಾವಿಸಬೇಕಾಗಿಲ್ಲ. ಇಲ್ಲಿ ನವೀಕರಣವನ್ನು ನಿರ್ಧರಿಸುವುದು ವಾಹನದ ಸುಸ್ಥಿತಿ.

ನವೀಕರಣಕ್ಕೆ ನಮೂನೆ 25ರಲ್ಲಿ, ಅವಧಿ ಮುಗಿಯುವ ದಿನಾಂಕಕ್ಕೆ ಮುಂಚಿನ 60 ದಿನಗಳೊಳಗೆ ಅರ್ಜಿ ಸಲ್ಲಿಸತಕ್ಕದ್ದು. ಶುಲ್ಕದ ವಿವರ ಈ ಕೆಳಕಂಡಂತಿದೆ.

ಅ) 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ 15 ವರ್ಷ ಮೀರಿದ ಲಘು ಮೋಟಾರು ವಾಹನದ ನವೀಕರಣ ಶುಲ್ಕ ರೂ. 5,000. ಆಮದು ಮಾಡಿಕೊಂಡ ವಾಹನಕ್ಕೆ ರೂ. 40,000.
ಆ) 2025ರ ಆಗಸ್ಟ್ ತಿಂಗಳ ಅಧಿಸೂಚನೆಯಂತೆ 20 ವರ್ಷ ಮೀರಿದ ಲಘು ಮೋಟಾರು ವಾಹನಕ್ಕೆ ರೂ. 10,000. ಆಮದು ಮಾಡಿಕೊಂಡ ನಾಲ್ಕು ಚಕ್ರದ ವಾಹನಕ್ಕೆ ರೂ. 80,000.
ಇ) ವಿಳಂಬವಾದಲ್ಲಿ, ದ್ವಿಚಕ್ರ ವಾಹನ ಹೊರತುಪಡಿಸಿ ಇತರ ಸಾರಿಗೇತರ ವಾಹನಗಳಿಗೆ ಪ್ರತಿ ತಿಂಗಳಿಗೆ ಅಥವಾ ಅದರ ಭಾಗಕ್ಕೆ ರೂ. 500 ಹೆಚ್ಚುವರಿ ಶುಲ್ಕ.

ಇವುಗಳಲ್ಲದೆ ರಾಜ್ಯದಲ್ಲಿ ಅನ್ವಯವಾಗುವ ಹಸಿರು ತೆರಿಗೆಯನ್ನೂ ಪಾವತಿಸತಕ್ಕದ್ದು. ಶುಲ್ಕಗಳು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುವುದರಿಂದ ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ಮೊತ್ತವೇ ಅಂತಿಮವಾಗಿರುತ್ತದೆ.

"ವಾಹನವು ತೋಟದ ಒಳಗೆ ಮಾತ್ರ ಓಡುತ್ತದೆ, ನೋಂದಣಿ ಬೇಕಿಲ್ಲ" ಎಂಬ ತಿಳಿವಳಿಕೆ ಹಲವರಲ್ಲಿದೆ. ಇದು ಸರಿಯಲ್ಲ. ಅಧಿನಿಯಮದ ಕಲಂ 39 ಸಾರ್ವಜನಿಕ ಸ್ಥಳವನ್ನಷ್ಟೇ ಅಲ್ಲದೆ "ಇತರ ಯಾವುದೇ ಸ್ಥಳ"ವನ್ನೂ ಉಲ್ಲೇಖಿಸುತ್ತದೆ. ಆವರಣದೊಳಗಿನ ಬಳಕೆಗೆಂದೇ ವಿಶೇಷವಾಗಿ ತಯಾರಾದ ವಾಹನಗಳಿಗೆ ಇರುವ ವಿನಾಯಿತಿಯು ರಸ್ತೆಗಾಗಿ ತಯಾರಾದ ಜೀಪಿಗೆ ಅನ್ವಯಿಸುವುದಿಲ್ಲ. ಮೇಲಾಗಿ ತೋಟದಿಂದ ತೋಟಕ್ಕೆ ಹೋಗುವಾಗ ವಾಹನವು ಗ್ರಾಮ ಪಂಚಾಯಿತಿಯ ರಸ್ತೆಯನ್ನು ದಾಟಲೇಬೇಕಾಗುತ್ತದೆ.

2. ಮೊದಲ ಹಂತ: ದಾಖಲೆಗಳ ಪರಿಶೀಲನೆ

ಗ್ಯಾರೇಜಿಗೆ ಒಯ್ಯುವ ಮುನ್ನ ನೋಂದಣಿ ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದು ವಾಹನದ ಬಳಿ ನಿಂತು ಕೆಳಕಂಡ ಅಂಶಗಳನ್ನು ತಾಳೆ ನೋಡತಕ್ಕದ್ದು.

ಅ) ಚಾಸಿಸ್ ಸಂಖ್ಯೆ: ಚಾಸಿಸ್ ಮೇಲೆ ಕೊರೆದಿರುವ ಸಂಖ್ಯೆಯು ಪ್ರಮಾಣಪತ್ರದಲ್ಲಿರುವ ಸಂಖ್ಯೆಯೇ ಆಗಿರಬೇಕು ಹಾಗೂ ಓದಲು ಬರುವಂತಿರಬೇಕು. ತುಕ್ಕಿನಿಂದ ಅಳಿಸಿಹೋಗಿದ್ದಲ್ಲಿ ನೋಂದಣಿ ಪ್ರಾಧಿಕಾರಿಯ ಗಮನಕ್ಕೆ ಲಿಖಿತವಾಗಿ ತಂದು ಸೂಚನೆ ಪಡೆಯತಕ್ಕದ್ದು. ಯಾವ ಕಾರಣಕ್ಕೂ ತಾವಾಗಿಯೇ ಸಂಖ್ಯೆಯನ್ನು ಕೊರೆಸಬಾರದು.
ಆ) ಎಂಜಿನ್ ಸಂಖ್ಯೆ ಮತ್ತು ಇಂಧನ: ಹಿಂದಿನ ದಶಕಗಳಲ್ಲಿ ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಎಂಜಿನ್ ಅಳವಡಿಸಿದ ನಿದರ್ಶನಗಳಿವೆ. ಪ್ರಮಾಣಪತ್ರದಲ್ಲಿ "ಪೆಟ್ರೋಲ್" ಎಂದಿದ್ದು ವಾಹನದಲ್ಲಿ ಡೀಸೆಲ್ ಎಂಜಿನ್ ಇದ್ದಲ್ಲಿ ನವೀಕರಣಕ್ಕೆ ತೊಡಕಾಗುತ್ತದೆ.
ಇ) ಮಾಲೀಕರ ಹೆಸರು: ವಾಹನವು ತಂದೆಯ ಅಥವಾ ಹಿಂದಿನ ಮಾಲೀಕರ ಹೆಸರಿನಲ್ಲಿಯೇ ಉಳಿದಿದ್ದರೆ ಮೊದಲು ವರ್ಗಾವಣೆ ಮಾಡಿಸಿಕೊಳ್ಳತಕ್ಕದ್ದು.
ಈ) ಸಾಲದ ನಮೂದು: ಬ್ಯಾಂಕಿನ ಸಾಲ ತೀರಿದ್ದರೂ ನಮೂದು ಹಾಗೆಯೇ ಉಳಿದಿದ್ದಲ್ಲಿ ನಮೂನೆ 35ರ ಮೂಲಕ ತೆಗೆಸತಕ್ಕದ್ದು.
ಉ) ಆಸನಗಳ ಸಂಖ್ಯೆ ಮತ್ತು ಬಾಡಿಯ ಬಗೆ: ಪ್ರಮಾಣಪತ್ರದ ವಿವರಕ್ಕೂ ವಾಹನಕ್ಕೂ ವ್ಯತ್ಯಾಸವಿರಬಾರದು.

ಇವುಗಳಲ್ಲಿ ಯಾವುದಾದರೊಂದು ಹೊಂದಿಕೆಯಾಗದಿದ್ದಲ್ಲಿ ದುರಸ್ತಿಯ ಖರ್ಚನ್ನು ಅಲ್ಲಿಗೇ ತಡೆದು ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಲೇಸು.

3. ಎರಡನೆಯ ಹಂತ: ಚಾಸಿಸ್ ಪರೀಕ್ಷೆ

ಜೀಪಿನ ಬಾಡಿ, ಎಂಜಿನ್, ಸ್ಪ್ರಿಂಗುಗಳೆಲ್ಲವೂ ಏಣಿಯಾಕಾರದ ಉಕ್ಕಿನ ಚಾಸಿಸ್‌ನ ಮೇಲೆ ನಿಂತಿರುತ್ತವೆ. ಎಂಜಿನ್ನನ್ನು ಬಿಚ್ಚಿ ಕಟ್ಟಬಹುದು, ಗೇರುಗಳನ್ನು ಬದಲಾಯಿಸಬಹುದು. ಆದರೆ ಚಾಸಿಸ್ ಶಿಥಿಲವಾದ ನಂತರ ಉಳಿದ ಭಾಗಗಳು ಹೊಸತಾಗಿದ್ದರೂ ವಾಹನವು ಸುರಕ್ಷಿತವಲ್ಲ. ಆಗುಂಬೆಯಂತಹ ಪ್ರದೇಶದಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಕೆಸರು ಚಾಸಿಸ್‌ನ ಒಳಭಾಗದಲ್ಲಿ ಸೇರಿಕೊಂಡು ತೇವವನ್ನು ಹಿಡಿದಿಡುವುದರಿಂದ ತುಕ್ಕು ಒಳಗಿನಿಂದ ಹೊರಕ್ಕೆ ಬರುತ್ತದೆ. ಹೊರಗೆ ಬಳಿದ ಕಪ್ಪು ಬಣ್ಣವು ಇದನ್ನು ಮರೆಮಾಚುತ್ತದೆ.

ಆದ್ದರಿಂದ ವಾಹನವನ್ನು ಚೆನ್ನಾಗಿ ತೊಳೆದು, ಒಣಗಿಸಿ, ನುರಿತ ಮೆಕ್ಯಾನಿಕ್ಕರಿಂದ ಕೆಳಕಂಡ ಭಾಗಗಳನ್ನು ತಪಾಸಣೆ ಮಾಡಿಸತಕ್ಕದ್ದು:

1) ಸ್ಪ್ರಿಂಗ್ ಪಟ್ಟಿಗಳು ಚಾಸಿಸ್‌ಗೆ ಸೇರುವ ಹ್ಯಾಂಗರುಗಳು. ಇವು ಕಳಚಿದಲ್ಲಿ ಆಕ್ಸಲ್ ಜಾಗ ಬದಲಿಸಿ ವಾಹನವು ಚಾಲಕರ ಹತೋಟಿ ತಪ್ಪುತ್ತದೆ.
2) ಸ್ಟಿಯರಿಂಗ್ ಪೆಟ್ಟಿಗೆಯನ್ನು ಕೂರಿಸಿರುವ ಜಾಗದ ಸುತ್ತಲಿನ ಬಿರುಕುಗಳು.
3) ಅಡ್ಡ ತೊಲೆಗಳು ಹಾಗೂ ಬಾಡಿಯನ್ನು ಬಿಗಿದಿರುವ ಜಾಗಗಳು.
4) ಹಿಂದೆ ಬೆಸುಗೆ ಹಾಕಿದ ತೇಪೆಗಳು.

ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ಉಕ್ಕು ಸ್ಪಷ್ಟವಾದ ನಾದ ನೀಡುತ್ತದೆ. ತುಕ್ಕು ತಿಂದ ಭಾಗದಿಂದ ಮಂದವಾದ ಸದ್ದು ಹೊರಟು ಪದರಗಳು ಉದುರುತ್ತವೆ. ಮೇಲ್ಮೈ ತುಕ್ಕು ಮಾತ್ರವಿದ್ದಲ್ಲಿ ಕೆರೆದು, ತುಕ್ಕು ನಿರೋಧಕ ಬಳಿದು ಬಳಸಬಹುದು. ಒಂದೆರಡು ಅಡ್ಡ ತೊಲೆಗಳ ದೋಷವನ್ನು ನುರಿತ ಬೆಸುಗೆಗಾರರು ಸರಿಪಡಿಸಬಲ್ಲರು. ಹ್ಯಾಂಗರು, ಸ್ಟಿಯರಿಂಗ್ ಭಾಗ ಮತ್ತು ಉದ್ದ ತೊಲೆ ಮೂರೂ ಶಿಥಿಲವಾಗಿದ್ದಲ್ಲಿ ದುರಸ್ತಿಯ ವಿಚಾರವನ್ನು ಕೈಬಿಡುವುದೇ ಸರಿಯಾದ ತೀರ್ಮಾನ.

ಚಾಸಿಸ್ ದೃಢವಾಗಿದ್ದಲ್ಲಿ ಮಾತ್ರ ಉಳಿದ ಭಾಗಗಳ ತಪಾಸಣೆಗೆ ಅರ್ಥವಿರುತ್ತದೆ. ಎಂಜಿನ್ನಿನ ಹೊಗೆಯ ಬಣ್ಣವು ಒಳಗಿನ ಸ್ಥಿತಿಯನ್ನು ಸೂಚಿಸುತ್ತದೆ. ನೀಲಿ ಹೊಗೆಯು ಎಂಜಿನ್ ಆಯಿಲ್ ಉರಿಯುತ್ತಿರುವುದನ್ನೂ, ಕಪ್ಪು ಹೊಗೆಯು ಇಂಧನ ಹೆಚ್ಚಾಗಿ ಅಥವಾ ಗಾಳಿ ಕಡಿಮೆಯಾಗಿ ಹೋಗುತ್ತಿರುವುದನ್ನೂ, ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆಯು ನೀರು ಸೇರುತ್ತಿರುವುದನ್ನು ಅಥವಾ ಡೀಸೆಲ್ ಪೂರ್ಣ ಉರಿಯದಿರುವುದನ್ನೂ ತೋರಿಸುತ್ತದೆ. ಹಳ್ಳ ದಾಟುವ ವಾಹನಗಳಲ್ಲಿ ಡಿಫರೆನ್ಷಿಯಲ್ ಮತ್ತು ಟ್ರಾನ್ಸ್‌ಫರ್ ಕೇಸ್‌ನ ಆಯಿಲನ್ನು ಬಸಿದು ನೋಡಬೇಕು. ಅದು ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ.

ನವೀಕರಣದ ತಪಾಸಣೆಯಲ್ಲಿ ಬ್ರೇಕು, ಸ್ಟಿಯರಿಂಗ್, ದೀಪಗಳು, ಪ್ರತಿಫಲಕಗಳು, ಹಾರ್ನ್, ಗಾಜು ಒರೆಸುವ ವೈಪರ್, ಕನ್ನಡಿ, ಸೈಲೆನ್ಸರ್, ವೇಗಮಾಪಕ ಹಾಗೂ ಹೊಗೆಯ ಪ್ರಮಾಣವನ್ನು ಪರಿಶೀಲಿಸಲಾಗುತ್ತದೆ. ಭಾರತ್ ಸ್ಟೇಜ್ 4ಕ್ಕೆ ಮುಂಚಿನ ಡೀಸೆಲ್ ವಾಹನಗಳಿಗೆ ಹೊಗೆಯ ಸಾಂದ್ರತೆಯ ಮಿತಿ 65 ಹಾರ್ಟ್‌ರಿಡ್ಜ್ ಮಾನ ಆಗಿರುತ್ತದೆ. ಸ್ಟೇಜ್ 4ರ ಡೀಸೆಲ್ ವಾಹನಗಳಿಗೆ ಇದು 50 ಮಾನ.

4. ಮೂರನೆಯ ಹಂತ: ಯಾವ ಸುಧಾರಣೆಗೆ ಅವಕಾಶವಿದೆ?

ಹಳೆಯ ಜೀಪನ್ನು ಉಳಿಸಿಕೊಳ್ಳಬಯಸುವವರು ಹೆಚ್ಚು ಶಕ್ತಿಯ ಎಂಜಿನ್, ದೊಡ್ಡ ಟೈರು, ಎತ್ತರಿಸಿದ ಸ್ಪ್ರಿಂಗು, ಕಬ್ಬಿಣದ ಮುಂಗಂಬಿ ಮುಂತಾದವನ್ನು ಅಳವಡಿಸಲು ಆಸಕ್ತಿ ತೋರುವುದುಂಟು. ಅಧಿನಿಯಮದ ಕಲಂ 52ರ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ನೋಂದಣಿ ಪ್ರಮಾಣಪತ್ರದ ವಿವರಗಳು ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ನೀಡಿದ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿದಿದೆ. 2019ರಲ್ಲಿ ತಿದ್ದುಪಡಿಯಾದ ಕಲಂ 182-ಎ ಅನ್ವಯ, ಅನುಮತಿಯಿಲ್ಲದ ಮಾರ್ಪಾಡು ಮಾಡುವ ಮಾಲೀಕರಿಗೆ 6 ತಿಂಗಳವರೆಗೆ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಸರಳವಾಗಿ ಹೇಳುವುದಾದರೆ:

ಅ) ಸವೆದ ಭಾಗದ ಜಾಗದಲ್ಲಿ ಅದೇ ಬಗೆಯ ಭಾಗವನ್ನು ಕೂರಿಸುವುದು ದುರಸ್ತಿ. ಬ್ರೇಕ್ ಲೈನರು, ಸ್ಪ್ರಿಂಗ್ ಪಟ್ಟಿ, ಕ್ಲಚ್, ವೈರಿಂಗ್, ರೇಡಿಯೇಟರ್, ಸೀಟ್ ಬೆಲ್ಟ್ ಇವುಗಳಿಗೆ ಅನುಮತಿ ಬೇಕಿಲ್ಲ.
ಆ) ಎಂಜಿನ್ ಬದಲಾವಣೆಗೆ ಮುನ್ನ ನೋಂದಣಿ ಪ್ರಾಧಿಕಾರಿಯ ಅನುಮೋದನೆ ಪಡೆಯತಕ್ಕದ್ದು. ಅದೇ ತಯಾರಿಕೆ ಮತ್ತು ಮಾದರಿಯ ಎಂಜಿನ್ ಆಗಿದ್ದರೂ ಸಂಖ್ಯೆ ಬದಲಾಗುವುದರಿಂದ ಪ್ರಮಾಣಪತ್ರದಲ್ಲಿ ನಮೂದಾಗಬೇಕು. ಖರೀದಿಯ ಬಿಲ್ಲನ್ನು ಕಾಯ್ದಿರಿಸತಕ್ಕದ್ದು.
ಇ) ಬೇರೆ ವಾಹನದ ಹೆಚ್ಚು ಸಾಮರ್ಥ್ಯದ ಎಂಜಿನ್, ಚಾಸಿಸ್ ಕತ್ತರಿಸಿ ಉದ್ದ ಮಾಡುವುದು, ಬಾಡಿಯ ಬಗೆ ಬದಲಿಸುವುದು ಇವು ನಿಷಿದ್ಧ ಮಾರ್ಪಾಡುಗಳು.
ಈ) ಮುಂಗಂಬಿಗಳ ಬಗ್ಗೆ ಕೇಂದ್ರ ಸಾರಿಗೆ ಮಂತ್ರಾಲಯವು 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಕ್ರಮ ಕೈಗೊಳ್ಳಲು ಸೂಚಿಸಿದೆ. ಇವು ಪಾದಚಾರಿಗಳಿಗೂ ವಾಹನದಲ್ಲಿರುವವರಿಗೂ ಅಪಾಯಕಾರಿ.

ಹಾಗಾಗಿ, ಹಳೆಯ ವಾಹನವು ಅದರ ಮೂಲ ರೂಪದಲ್ಲಿ ಮಾಲೀಕರ ಅಗತ್ಯವನ್ನು ಪೂರೈಸುವಂತಿದ್ದರೆ ದುರಸ್ತಿ ಸೂಕ್ತ. ಹೆಚ್ಚು ಶಕ್ತಿ, ಹೆಚ್ಚು ಆಸನ, ಹೆಚ್ಚು ವೇಗ ಬೇಕಾಗಿದ್ದಲ್ಲಿ ಅದನ್ನು ಹಳೆಯ ವಾಹನದಲ್ಲಿ ಹುಡುಕದೆ ಬೇರೆ ವಾಹನ ಕೊಳ್ಳುವುದು ಸೂಕ್ತ.

5. ನಾಲ್ಕನೆಯ ಹಂತ: ಖರ್ಚಿನ ಲೆಕ್ಕ

ದುರಸ್ತಿಯ ಮೊತ್ತವನ್ನು ಹೊಸ ವಾಹನದ ಬೆಲೆಯೊಡನೆ ನೇರವಾಗಿ ಹೋಲಿಸುವುದು ತಪ್ಪು ಲೆಕ್ಕವಾಗುತ್ತದೆ. ನವೀಕರಣವು 5 ವರ್ಷಗಳಿಗೆ ದೊರೆಯುವುದರಿಂದ ಅಷ್ಟೇ ಅವಧಿಗೆ ಪ್ರತಿ ವರ್ಷ ತಗಲುವ ನಿವ್ವಳ ಖರ್ಚನ್ನು ಹೋಲಿಸತಕ್ಕದ್ದು. ಕೆಳಗಿನ ಮೊತ್ತಗಳು ಲೆಕ್ಕದ ವಿಧಾನವನ್ನು ತೋರಿಸಲು ಮಾತ್ರ ಊಹಿಸಿಕೊಂಡವು. ಅರ್ಜಿದಾರರು ತಮ್ಮ ಅಂಕಿಗಳನ್ನು ಹಾಕಿಕೊಳ್ಳಬೇಕು.

ಉದಾಹರಣೆ 1 (20 ವರ್ಷ ಮೀರಿದ ಜೀಪಿನ ದುರಸ್ತಿ): ದುರಸ್ತಿ ರೂ. 2,50,000, ನವೀಕರಣ ಶುಲ್ಕ ರೂ. 10,000; 5 ವರ್ಷಗಳ ಪೋಷಣೆ ಮತ್ತು ವಿಮೆ ರೂ. 2,00,000, ಕೊನೆಯಲ್ಲಿ ಉಳಿಯುವ ಮೌಲ್ಯ ರೂ. 60,000. ನಿವ್ವಳ ಖರ್ಚು ರೂ. 4,00,000; ವರ್ಷಕ್ಕೆ ರೂ. 80,000.

ಉದಾಹರಣೆ 2 (ಹೊಸ ವಾಹನ): ಖರೀದಿ ರೂ. 15,00,000, ಹಳೆಯದರಿಂದ ಬರುವ ಮೊತ್ತ ರೂ. 50,000, ಪೋಷಣೆ ಮತ್ತು ವಿಮೆ ರೂ. 2,50,000, ಉಳಿಯುವ ಮೌಲ್ಯ ರೂ. 8,00,000. ನಿವ್ವಳ ಖರ್ಚು ರೂ. 9,00,000, ವರ್ಷಕ್ಕೆ ರೂ. 1,80,000. ಸಾಲದ ಬಡ್ಡಿ ಪ್ರತ್ಯೇಕ.

ಉದಾಹರಣೆ 3 (ಕಡಿಮೆ ವಯಸ್ಸಿನ ಬಳಸಿದ ವಾಹನ): ಖರೀದಿ ರೂ. 5,00,000, ಆರಂಭದ ದುರಸ್ತಿ ರೂ. 50,000, ಹಳೆಯದರಿಂದ ಬರುವ ಮೊತ್ತ ರೂ. 50,000, ಪೋಷಣೆ ಮತ್ತು ವಿಮೆ ರೂ. 2,00,000, ಉಳಿಯುವ ಮೌಲ್ಯ ರೂ. 2,50,000. ನಿವ್ವಳ ಖರ್ಚು ರೂ. 4,50,000, ವರ್ಷಕ್ಕೆ ರೂ. 90,000.

ಮೇಲ್ನೋಟಕ್ಕೆ ದುರಸ್ತಿಯೇ ಅಗ್ಗವಾಗಿ ಕಾಣುತ್ತದೆ. ಆದರೆ ವಾಹನವು ಗ್ಯಾರೇಜಿನಲ್ಲಿ ನಿಲ್ಲುವ ದಿನಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಬಿಡಿಭಾಗ ಸಿಗದೆ ಕಾಫಿ ಕೊಯ್ಲಿನ ಸಮಯದಲ್ಲಿ ವರ್ಷಕ್ಕೆ 30 ದಿನ ಜೀಪು ನಿಂತು, ದಿನಕ್ಕೆ ರೂ. 2,500ರಂತೆ ಪರವಾನಗಿ ಹೊಂದಿದ ಬಾಡಿಗೆ ವಾಹನ ಪಡೆಯಬೇಕಾದಲ್ಲಿ ರೂ. 75,000 ಸೇರುತ್ತದೆ. ಆಗ ದುರಸ್ತಿಯ ಖರ್ಚು ವರ್ಷಕ್ಕೆ ರೂ. 1,55,000 ಆಗುತ್ತದೆ. ಬಳಸಿದ ವಾಹನವು ವರ್ಷಕ್ಕೆ 5 ದಿನ ನಿಂತರೂ ಅದರ ಖರ್ಚು ರೂ. 1,02,500 ಮಾತ್ರ. ಆದುದರಿಂದ ಹಿಂದಿನ ಎರಡು ವರ್ಷಗಳಲ್ಲಿ ವಾಹನವು ಎಷ್ಟು ದಿನ ನಿಂತಿತ್ತು ಎಂಬುದನ್ನು ಮೊದಲು ಬರೆದುಕೊಳ್ಳಬೇಕು. ತೀರ್ಮಾನವು ಬಹುಪಾಲು ಈ ಒಂದು ಸಂಖ್ಯೆಯನ್ನು ಅವಲಂಬಿಸಿರುತ್ತದೆ.

6. ಬದಲಾಯಿಸುವವರು ಗಮನಿಸಬೇಕಾದ ಅಂಶಗಳು

2020ರ ಏಪ್ರಿಲ್ 1ರಿಂದ ನೋಂದಣಿಯಾಗುವ ಹೊಸ ವಾಹನಗಳು ಭಾರತ್ ಸ್ಟೇಜ್ 6 ಮಾನದಂಡಕ್ಕೆ ಒಳಪಟ್ಟಿವೆ. ಏರ್‌ಬ್ಯಾಗ್ ಹಾಗೂ ಚಕ್ರ ಲಾಕ್ ಆಗದಂತೆ ತಡೆಯುವ ಬ್ರೇಕು ಇವುಗಳಲ್ಲಿರುವುದರಿಂದ ಅಪಘಾತದಲ್ಲಿ ಜೀವ ಉಳಿಯುವ ಸಂಭವ ಹೆಚ್ಚು. ಹಳೆಯ ಜೀಪಿಗೆ ಎಷ್ಟೇ ಹಣ ಹಾಕಿದರೂ ಈ ರಕ್ಷಣೆ ದೊರೆಯುವುದಿಲ್ಲ. ಅದೇ ವೇಳೆ, ಡೀಸೆಲ್ ವಾಹನಗಳ ಹೊಗೆನಳಿಗೆಯಲ್ಲಿರುವ ಮಸಿ ಸೋಸುವ ಸಾಧನವು ಸ್ವಚ್ಛಗೊಳ್ಳಲು ಆಗಾಗ್ಗೆ ಹೆದ್ದಾರಿಯ ವೇಗದಲ್ಲಿ ಓಡಬೇಕಾಗುತ್ತದೆ. ತೋಟದೊಳಗೆ ನಿಧಾನವಾಗಿ ಒಂದೆರಡು ಕಿಲೋಮೀಟರು ಮಾತ್ರ ಓಡುವ ವಾಹನದಲ್ಲಿ ಇದು ಕಟ್ಟಿಕೊಳ್ಳುತ್ತದೆ. ಖರೀದಿಗೆ ಮುನ್ನ ತಮ್ಮ ಬಳಕೆಯ ಸ್ವರೂಪವನ್ನು ಮಾರಾಟಗಾರರಿಗೆ ತಿಳಿಸಿ ಸಲಹೆ ಪಡೆಯುವುದು ಸೂಕ್ತ.

ಹಳೆಯ ವಾಹನವನ್ನು ಇನ್ನೊಬ್ಬರಿಗೆ ಮಾರುವವರು ನಮೂನೆ 29 ಮತ್ತು 30ರ ಮೂಲಕ ವರ್ಗಾವಣೆಯನ್ನು ಪೂರ್ಣಗೊಳಿಸಬೇಕು. ರಾಜ್ಯದೊಳಗಿನ ಮಾರಾಟವನ್ನು ಮಾರುವವರು 14 ದಿನಗಳೊಳಗೆ ವರದಿ ಮಾಡತಕ್ಕದ್ದು. ಹಣ ಪಡೆದು, ಸಹಿ ಹಾಕಿದ ಖಾಲಿ ನಮೂನೆಗಳನ್ನು ಕೊಟ್ಟು ಸುಮ್ಮನಾಗುವುದು ಅಪಾಯಕರ. ವಾಹನವು ಹಲವು ಕೈ ಬದಲಾಗಿದ್ದರೂ, ಅಪಘಾತದ ದಿನದಂದು ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಪರಿಹಾರಕ್ಕೆ ಹೊಣೆಗಾರರೆಂದು ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿಯಲ್ಲಿ ತೀರ್ಪು ನೀಡಿದೆ. ರೂ. 50,000ಕ್ಕೆ ಮಾರಿದ ಜೀಪು ಮುಂದೊಂದು ದಿನ ಹಲವು ಲಕ್ಷಗಳ ಪರಿಹಾರದ ಹೊರೆಯಾಗಿ ಮನೆಬಾಗಿಲಿಗೆ ಬರಬಹುದು.

ಬಳಸಲು ಯೋಗ್ಯವಲ್ಲದ ವಾಹನವನ್ನು, 2021ರ ಸೆಪ್ಟೆಂಬರ್‌ನ ನಿಯಮಗಳಡಿ ನೋಂದಾಯಿತವಾದ ವಾಹನ ಗುಜರಿ ಘಟಕಕ್ಕೆ ಮಾತ್ರ ನೀಡತಕ್ಕದ್ದು. ಘಟಕವು ದಾಖಲೆ ಪರಿಶೀಲಿಸಿ ಠೇವಣಿ ಪ್ರಮಾಣಪತ್ರ ನೀಡುತ್ತದೆ. ಈ ಪ್ರಮಾಣಪತ್ರದ ಆಧಾರದ ಮೇಲೆ ಹೊಸ ವಾಹನದ ನೋಂದಣಿ ಶುಲ್ಕದಿಂದ ವಿನಾಯಿತಿ ಇರುತ್ತದೆ. ಸಾರಿಗೇತರ ವಾಹನದ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿ ನೀಡಲು ಕೇಂದ್ರ ನಿಯಮಗಳು ಅವಕಾಶ ಕಲ್ಪಿಸಿವೆ. ದೊರೆಯುವ ಮೊತ್ತವು ರಾಜ್ಯ ಸರ್ಕಾರದ ಆದೇಶಕ್ಕೆ ಒಳಪಟ್ಟಿರುತ್ತದೆ. ಬೀದಿಬದಿಯ ಗುಜರಿ ಅಂಗಡಿಗೆ ಕೊಟ್ಟಲ್ಲಿ ಈ ಸೌಲಭ್ಯಗಳು ದೊರೆಯುವುದಿಲ್ಲ. ನೋಂದಣಿಯೂ ಮಾಲೀಕರ ಹೆಸರಿನಲ್ಲಿಯೇ ಉಳಿಯುತ್ತದೆ.

ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲ ರೂಪದಲ್ಲಿಯೇ ಇರುವ ವಾಹನವನ್ನು 2021ರ ಜುಲೈ ತಿಂಗಳ ನಿಯಮಗಳಂತೆ ವಿಂಟೇಜ್ ವಾಹನವಾಗಿ ನೋಂದಾಯಿಸಬಹುದು. ಇದರ ಶುಲ್ಕ ರೂ. 20,000, ಅವಧಿ 10 ವರ್ಷ. ಆದರೆ ಅಂತಹ ವಾಹನವನ್ನು ಪ್ರದರ್ಶನ, ರ‍್ಯಾಲಿ ಮುಂತಾದವುಗಳಿಗೆ ಮಾತ್ರ ರಸ್ತೆಗಿಳಿಸಬಹುದಾಗಿದ್ದು, ನಿತ್ಯದ ಬಳಕೆಗೆ ಅವಕಾಶವಿಲ್ಲ.

7. ನವೀಕರಣಕ್ಕೆ ಸಲ್ಲಿಸಬೇಕಾದ ದಾಖಲೆಗಳು

1) ಭರ್ತಿ ಮಾಡಿದ ನಮೂನೆ 25
2) ನೋಂದಣಿ ಪ್ರಮಾಣಪತ್ರ
3) ಚಾಲ್ತಿಯಲ್ಲಿರುವ ವಿಮಾ ಪತ್ರ
4) ವಾಯು ಮಾಲಿನ್ಯ ನಿಯಂತ್ರಣ ಪ್ರಮಾಣಪತ್ರ
5) ತೆರಿಗೆ ಪಾವತಿಯ ವಿವರ
6) ಗುರುತು ಮತ್ತು ವಿಳಾಸದ ದಾಖಲೆ
7) ನಿಗದಿತ ಶುಲ್ಕ ಪಾವತಿಯ ರಸೀತಿ

ಅರ್ಜಿ ಹಾಗೂ ಶುಲ್ಕವನ್ನು ಪರಿವಾಹನ್ ಜಾಲತಾಣದ ಮೂಲಕ ಸಲ್ಲಿಸಿ, ನಿಗದಿತ ದಿನದಂದು ವಾಹನವನ್ನು ತಪಾಸಣೆಗೆ ಹಾಜರುಪಡಿಸತಕ್ಕದ್ದು. ತಪಾಸಣೆಯಲ್ಲಿ ದೋಷ ಕಂಡುಬಂದಲ್ಲಿ ಅದನ್ನು ಸರಿಪಡಿಸಿ ಪುನಃ ಹಾಜರುಪಡಿಸಲು ಅವಕಾಶವಿರುತ್ತದೆ.

8. ಸಾರ್ವಜನಿಕರ ಗಮನಕ್ಕೆ

ಖಾಸಗಿ ಜೀಪಿನಲ್ಲಿ ಆಸನ ಸಾಮರ್ಥ್ಯವನ್ನು ಮೀರಿ ಕಾರ್ಮಿಕರನ್ನು ಕರೆದೊಯ್ಯುವುದು ಅಪರಾಧವಾಗಿರುತ್ತದೆ. ಇಳಿಜಾರಿನ ತೋಟದ ದಾರಿಯಲ್ಲಿ ಹಳೆಯ ಬ್ರೇಕು, ಸವೆದ ಸ್ಟಿಯರಿಂಗ್ ಮತ್ತು ಅಧಿಕ ಭಾರ ಒಂದಾದಾಗ ಆಗುವ ಹಾನಿಯನ್ನು ಯಾವ ಪರಿಹಾರವೂ ತುಂಬಿಕೊಡಲಾರದು. ಹಿಂಬದಿಯ ಆಸನದಲ್ಲಿ ಕುಳಿತವರಿಗೆ ಚಾಸಿಸ್‌ನ ಸ್ಥಿತಿ ತಿಳಿದಿರುವುದಿಲ್ಲ. ಅದನ್ನು ತಿಳಿದಿರಬೇಕಾದವರು ಮಾಲೀಕರು.

ಹಳೆಯ ಜೀಪಿನೊಂದಿಗೆ ಕುಟುಂಬಗಳಿಗೆ ಇರುವ ಬಾಂಧವ್ಯ ಸಹಜವಾದದ್ದು. ದಾಖಲೆ ಸರಿಯಿದ್ದು, ಚಾಸಿಸ್ ದೃಢವಾಗಿದ್ದು, ವಾಹನವು ವರ್ಷದ ಬಹುಪಾಲು ಓಡುತ್ತಿದ್ದಲ್ಲಿ ಅದನ್ನು ದುರಸ್ತಿಪಡಿಸಿ ಉಳಿಸಿಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. ಚಾಸಿಸ್ ಶಿಥಿಲವಾಗಿದ್ದಲ್ಲಿ ಉಳಿದ ಲೆಕ್ಕಗಳಿಗೆ ಹೋಗದೆ ವಾಹನವನ್ನು ಬದಲಾಯಿಸತಕ್ಕದ್ದು. ಮಾಲೀಕರು ಅವಧಿ ಮುಗಿಯುವ ಕನಿಷ್ಠ 6 ತಿಂಗಳು ಮುಂಚಿತವಾಗಿಯೇ ಮೇಲ್ಕಂಡ ಪರಿಶೀಲನೆಯನ್ನು ಕೈಗೊಂಡು, ಸಂದೇಹಗಳಿದ್ದಲ್ಲಿ ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಲು ಕೋರಲಾಗಿದೆ.